ಪ್ರಾಗ್‌ನ ಪಿಂಕಾಸ್ ಸಿನಗಾಗ್: ಗೋಡೆ ತುಂಬ ಹೆಸರು, ಪಕ್ಕದ ಬೀದಿಯಲ್ಲಿ ಹಬ್ಬದ ಬೆಳ್ಳಿ

ಪ್ರಾಗ್‌ನ ಯಹೂದಿ ಮ್ಯೂಸಿಯಂ ಒಂದೇ ಕಟ್ಟಡದಲ್ಲಿಲ್ಲ. ಹಳೆಯ ಯಹೂದಿ ಕೇರಿಯಾಗಿದ್ದ ಯೋಸೆಫೊವ್‌ನಲ್ಲಿ, ಒಂದರಿಂದ ಇನ್ನೊಂದಕ್ಕೆ ನಾಲ್ಕೈದು ನಿಮಿಷದ ನಡಿಗೆಯಷ್ಟು ದೂರದಲ್ಲಿ ಚದುರಿಕೊಂಡಿದೆ: ಪಿಂಕಾಸ್, ಮೈಸೆಲ್, ಕ್ಲೌಸೆನ್, ಸ್ಪ್ಯಾನಿಷ್ ಎಂಬ ನಾಲ್ಕು ಸಿನಗಾಗ್‌ಗಳು (ಯಹೂದಿ ಪ್ರಾರ್ಥನಾ ಮಂದಿರಗಳು), ಹಳೆಯ ಸ್ಮಶಾನ, ಅಂತ್ಯಕ್ರಿಯೆ ನಡೆಸುತ್ತಿದ್ದ ಸಂಘದ ಮನೆ. ಇವಕ್ಕೆಲ್ಲ ಸೇರಿಸಿ ಒಂದು ಟಿಕೆಟ್ ಕೊಡುತ್ತಾರೆ. ಪಕ್ಕದಲ್ಲೇ ಇರುವ, 13ನೇ ಶತಮಾನದ ಹಳೆ-ಹೊಸ ಸಿನಗಾಗ್ ಇವತ್ತಿಗೂ ಪ್ರಾರ್ಥನೆ ನಡೆಯುವ ಜಾಗ. ಅದನ್ನು ನೋಡಿಕೊಳ್ಳುವುದು ಊರಿನ ಯಹೂದಿ ಸಮುದಾಯ, ಮ್ಯೂಸಿಯಂ ಅಲ್ಲ. ಅದನ್ನೂ ಸೇರಿಸಿದ ಟಿಕೆಟ್ ಬೇರೆ ಸಿಗುತ್ತದೆ. ಎರಡೂ ಅಗ್ಗವೇನಲ್ಲ. ದರ ಆಗಾಗ ಬದಲಾಗುವುದರಿಂದ ಮ್ಯೂಸಿಯಂನ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಹೊರಡಿ. ಯಾವ ಕಟ್ಟಡ ದುರಸ್ತಿಗೆಂದು ಮುಚ್ಚಿದೆ ಎಂಬುದನ್ನೂ ಅಲ್ಲೇ ನೋಡಿ. ಸ್ಪ್ಯಾನಿಷ್ ಸಿನಗಾಗ್ 2019ರಲ್ಲಿ ಮುಚ್ಚಿದ್ದು ಮತ್ತೆ ಜನರಿಗೆ ತೆರೆಯಲು ಒಂದೂವರೆ ವರ್ಷ ಹಿಡಿಯಿತು. ಇಷ್ಟು ಹಳೆಯ ಕಟ್ಟಡಗಳಲ್ಲಿ ಇಂಥದ್ದು ಮತ್ತೆ ಮತ್ತೆ ನಡೆಯುವಂಥದ್ದೇ.

ಬಹುತೇಕ ಎಲ್ಲರೂ ಮೊದಲು ನುಗ್ಗುವುದು ನಾಜಿಗಳು ಕೊಂದ ಯಹೂದಿಗಳ ಹೆಸರು ಗೋಡೆ ತುಂಬ ಬರೆದಿರುವ ಪಿಂಕಾಸ್‌ಗೆ. ಸ್ಮಶಾನಕ್ಕೆ ಹೋಗುವ ದಾರಿ ಅದರ ಅಂಗಳದಿಂದಲೇ ಇರುವುದು ಒಂದು ಕಾರಣ. ಅಲ್ಲಿಂದ ಸ್ಮಶಾನ ದಾಟಿ ಕ್ಲೌಸೆನ್ ಹತ್ತಿರ ಹೊರಬರುವ ಹೊತ್ತಿಗೆ ಮನಸ್ಸು ಮರಗಟ್ಟಿರುತ್ತದೆ, ಕಾಲೂ ಸೋತಿರುತ್ತದೆ. ಕ್ಲೌಸೆನ್‌ನ ಹಬ್ಬದ ದೀಪ, ತಟ್ಟೆ, ಪರದೆಗಳ ಮುಂದೆ ಹತ್ತು ನಿಮಿಷ ಸುಮ್ಮನೆ ಸುತ್ತಿ ಕಾಫಿಗೆ ಹೋಗಿಬಿಡುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿ ಎಂಬುದೇ ಈ ವಿಮರ್ಶೆಯ ಮುಖ್ಯ ಸಲಹೆ. ಮೊದಲು ಮೈಸೆಲ್, ಆಮೇಲೆ ಕ್ಲೌಸೆನ್, ಕೊನೆಗೆ ಪಿಂಕಾಸ್ ಮತ್ತು ಸ್ಮಶಾನ. ಪಿಂಕಾಸ್ ಗೋಡೆಯ ಮೇಲೆ ಯಾವ ಊರುಗಳ ಹೆಸರಿದೆಯೋ ಹಬ್ಬದ ಸಾಮಾನು ಬಂದದ್ದೂ ಅಂಥ ಊರುಗಳಿಂದಲೇ. ಸಾಮಾನು ನೋಡಿ ಗೋಡೆಗೆ ಬಂದವರಿಗೆ ಗೋಡೆ ಬೇರೆಯೇ ಕಾಣುತ್ತದೆ.

ಆ ಸಾಮಾನು ಇಲ್ಲಿಗೆ ಬಂದ ಕಥೆ ತಿಳಿದಿರಬೇಕು. ಮ್ಯೂಸಿಯಂ ಶುರುವಾದದ್ದು 1906ರಲ್ಲಿ. ಪ್ರಾಗ್‌ನ ಹಳೆಯ ಕೇರಿಯನ್ನು ಕೆಡವಿ ಅಗಲ ರಸ್ತೆ ಮಾಡುತ್ತಿದ್ದ ಕಾಲ ಅದು. ಕೆಡವಿದ ಸಿನಗಾಗ್‌ಗಳ ವಸ್ತುಗಳನ್ನು ಉಳಿಸುವುದು ಅಂದಿನ ಉದ್ದೇಶವಾಗಿತ್ತು, ಸಂಗ್ರಹವೂ ಚಿಕ್ಕದಾಗಿತ್ತು. 1942ರಿಂದ ನಾಜಿಗಳು ಬೊಹೀಮಿಯಾ, ಮೊರಾವಿಯಾದ (ಇಂದಿನ ಜೆಕ್ ದೇಶದ ಭಾಗಗಳು) ಯಹೂದಿಗಳನ್ನು ಊರೂರಿನಿಂದ ಶಿಬಿರಗಳಿಗೆ ಸಾಗಿಸಿದಾಗ 153 ಸಮುದಾಯಗಳ ಪೂಜಾ ವಸ್ತು, ಪುಸ್ತಕ, ಬಟ್ಟೆಗಳೆಲ್ಲ ಪ್ರಾಗ್‌ಗೆ ಬಂದು ಬಿದ್ದವು. ಅವನ್ನು ವಿಂಗಡಿಸಿ, ಚೀಟಿ ಬರೆದು, ಜೋಡಿಸಿದವರು ಯಹೂದಿ ವಿದ್ವಾಂಸರೇ. ಅವರಲ್ಲಿ ಹೆಚ್ಚಿನವರನ್ನೂ ಆಮೇಲೆ ಸಾಗಿಸಲಾಯಿತು. ಬದುಕುಳಿದ ಹಾನಾ ವೊಲಾವ್ಕೊವಾ ಯುದ್ಧದ ನಂತರ ಮ್ಯೂಸಿಯಂ ನಡೆಸಿದರು. ಹೊರಗಿನ ಗೈಡುಗಳು ‘ಅಳಿದುಹೋದ ಜನಾಂಗದ ಮ್ಯೂಸಿಯಂ ಮಾಡಬೇಕೆಂದು ಹಿಟ್ಲರ್ ಹೊರಟಿದ್ದ’ ಎಂದು ರಂಗಾಗಿ ಹೇಳುತ್ತಾರೆ. ಆ ಮಾತಿಗೆ ಯುದ್ಧಕಾಲದ ದಾಖಲೆಯ ಆಧಾರ ಸಿಕ್ಕಿಲ್ಲ. ಕೈಗೆ ಸಿಕ್ಕ ಅವಕಾಶದಲ್ಲಿ ಆದಷ್ಟನ್ನು ಉಳಿಸೋಣ ಎಂದು ಹೊರಟ ಯಹೂದಿ ನೌಕರರ ಪಾಲು ಆ ಕಥೆಯಲ್ಲಿ ಮರೆಯಾಗಿಬಿಡುತ್ತದೆ, ಅದೇ ಬೇಸರ. 1950ರಲ್ಲಿ ಮ್ಯೂಸಿಯಂ ಸರ್ಕಾರದ ಪಾಲಾಯಿತು. ಸಮುದಾಯದ ಕೈಗೆ ಮರಳಿದ್ದು 1994ರಲ್ಲಿ. ನಡುವೆ 1,564 ಟೊರಾ (ಯಹೂದಿ ಧರ್ಮಗ್ರಂಥ) ಸುರುಳಿಗಳನ್ನು ಸರ್ಕಾರ ಮಾರಿತು. 1964ರಲ್ಲಿ ಅವು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಿನಗಾಗ್ ತಲುಪಿದವು. ಅಲ್ಲಿಂದ ಹಲವು ದೇಶಗಳ ಸಿನಗಾಗ್‌ಗಳಿಗೆ ಹೋದ ಸುರುಳಿಗಳಲ್ಲಿ ಎಷ್ಟೋ ಇವತ್ತಿಗೂ ಬಳಕೆಯಲ್ಲಿವೆ.

ಕ್ಲೌಸೆನ್ 1694ರ ಕಟ್ಟಡ. 1689ರಲ್ಲಿ ಕೇರಿಗೆ ಬಿದ್ದ ಬೆಂಕಿಯ ನಂತರ ಕಟ್ಟಿದ್ದು. ಒಳಗೆ ಸುರುಳಿಗಳನ್ನಿಡುವ ಮೂರಂತಸ್ತಿನ ಬರೋಕ್ ಟೊರಾ ಪೀಠ 1696ರದ್ದು, ಸ್ಯಾಮ್ಯುಯೆಲ್ ಒಪೆನ್‌ಹೈಮರ್ ಎಂಬ ಶ್ರೀಮಂತನ ಕಾಣಿಕೆ. ಇಲ್ಲಿನ ಪ್ರದರ್ಶನದ ವಿಷಯ ಯಹೂದಿ ಆಚಾರ ಮತ್ತು ಹಬ್ಬಗಳು. ಗಾಜಿನ ಪೆಟ್ಟಿಗೆಗಳು ನೋಡಲು ಒಂದೇ ಥರ ಇವೆ, ವಿವರಣೆಯ ಚೀಟಿಗಳು ಗಿಡ್ಡ. ಏನು ನೋಡಬೇಕೆಂದು ಗೊತ್ತಿಲ್ಲದೆ ಹೋದರೆ ಬೆಳ್ಳಿ ಅಂಗಡಿ ಹೊಕ್ಕಂತಾಗುತ್ತದೆ. ಹಾಗಾಗದಿರಲು ಒಂದಷ್ಟು ಸುಳಿವು ಕೊಡುತ್ತೇವೆ.

ಎಂಟು ದಿನದ ಬೆಳಕಿನ ಹಬ್ಬವಾದ ಹನುಕ್ಕಾದ ದೀಪದಲ್ಲಿ ಎಂಟು ಬತ್ತಿಯ ಕುಳಿಗಳು ಒಂದೇ ಸಾಲಿನಲ್ಲಿ, ಒಂದೇ ಮಟ್ಟದಲ್ಲಿ ಇರುತ್ತವೆ. ಒಂಬತ್ತನೆಯದು ಮಾತ್ರ ಮೇಲೆ ಅಥವಾ ಪಕ್ಕಕ್ಕೆ. ಉಳಿದವನ್ನು ಹಚ್ಚುವ ಸೇವಕ ದೀಪ ಅದು. ಹಬ್ಬದ ದೀಪದ ಬೆಳಕನ್ನು ಮನೆಗೆಲಸಕ್ಕೆ ಬಳಸಬಾರದು ಎಂಬ ನಿಯಮವಿರುವುದರಿಂದ ಈ ಒಂಬತ್ತನೆಯದು ಬೇಕು. ಗೋಡೆಗೆ ನೇತುಹಾಕುವ ಮಾದರಿಯಲ್ಲಿ ಹಿಂದಿನ ತಗಡು ಬರೀ ಅಲಂಕಾರಕ್ಕಲ್ಲ. ನಯ ಮಾಡಿದ ಲೋಹ ಬೆಳಕನ್ನು ಕೋಣೆಗೆ ಹಿಂದಿರುಗಿಸುತ್ತದೆ, ಗೋಡೆಗೆ ಮಸಿ ಹಿಡಿಯದಂತೆಯೂ ತಡೆಯುತ್ತದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಪೆಸಾಖ್ ಹಬ್ಬದ ರಾತ್ರಿಯ ತಟ್ಟೆಗಳಲ್ಲಿ ಬೆಳ್ಳಿಗಿಂತ ತವರದವೇ ಹೆಚ್ಚು ಮನೆಬಳಕೆಯವು. ಅಂಚಿನ ಗೀರು ಅಕ್ಷರಗಳನ್ನು ಓರೆಯಾಗಿ ನಿಂತು ನೋಡಿ, ನೇರ ನಿಂತರೆ ದೀಪದ ಹೊಳಪಿಗೆ ಕಾಣುವುದಿಲ್ಲ. ಗೋಪುರದ ಆಕಾರದ ಪುಟ್ಟ ಬೆಳ್ಳಿ ಡಬ್ಬಿ ಕಂಡರೆ ಅದು ಆಟಿಕೆಯಲ್ಲ, ಲವಂಗ-ದಾಲ್ಚಿನ್ನಿ ತುಂಬಿ ಸಬ್ಬತ್ (ವಾರದ ವಿಶ್ರಾಂತಿ ದಿನ) ಮುಗಿಯುವ ಸಂಜೆ ಮೂಸುವ ಪರಿಮಳದ ಡಬ್ಬಿ.

ಟೊರಾ ಸುರುಳಿಯ ಉಡುಗೆಯ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಸುರುಳಿಯನ್ನು ಪಟ್ಟಿಯಿಂದ ಕಟ್ಟಿ, ವೆಲ್ವೆಟ್ ಅಥವಾ ರೇಷ್ಮೆಯ ನಿಲುವಂಗಿ ತೊಡಿಸಿ, ಎದೆಯ ಮೇಲೆ ಬೆಳ್ಳಿಯ ಫಲಕ ನೇತುಹಾಕಿ, ಮೇಲಿನ ಎರಡು ಹಿಡಿಗಳಿಗೆ ಗೆಜ್ಜೆಯ ಕಿರೀಟ ಸಿಕ್ಕಿಸುತ್ತಾರೆ. ವರ್ಷದ ಟೊರಾ ಓದು ಮುಗಿದು ಮತ್ತೆ ಶುರುವಾಗುವ ಸಿಮ್ಖತ್ ತೋರಾ ಹಬ್ಬದಲ್ಲಿ ಸುರುಳಿಗಳನ್ನೆಲ್ಲ ಹೊರತೆಗೆದು, ಎತ್ತಿಕೊಂಡು, ಹಾಡುತ್ತ ಕುಣಿಯುತ್ತ ಏಳು ಸುತ್ತು ಬರುತ್ತಾರೆ. ಆ ಗೆಜ್ಜೆ ಇರುವುದೇ ಸದ್ದು ಮಾಡಲಿಕ್ಕೆ, ಗಾಜಿನೊಳಗೆ ಅದು ಮೂಕ. ಬೆಳ್ಳಿ ಫಲಕದ ನಡುವೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಕಿಟಕಿಯೊಂದು ಇರುತ್ತದೆ. ಅದರೊಳಗೆ ಸರಿಸಿ ಹಾಕುವ ತೆಳು ತಗಡಿನ ಮೇಲೆ ಹಬ್ಬದ ಹೆಸರು ಕೊರೆದಿರುತ್ತದೆ. ಯಾವ ಸುರುಳಿಯನ್ನು ಯಾವ ಹಬ್ಬದ ಓದಿಗೆ ಬಿಚ್ಚಿ ಇಟ್ಟಿದೆ ಎಂದು ಗುರುತಿಸಲು ಅದು ಬೇಕು. ನೂರಡಿಯಷ್ಟು ಉದ್ದದ ಚರ್ಮದ ಸುರುಳಿಯನ್ನು ಸಭೆಯ ಮುಂದೆ ತಿರುಗಿಸುತ್ತ ಕೂರಲಾಗುವುದಿಲ್ಲ.

ಪೀಠದ ಮುಂದೆ ಇಳಿಬಿಡುವ ಪರದೆಗಳಲ್ಲಿ ಬೊಹೀಮಿಯಾದ ಮಾದರಿ ಬೇಗ ಗುರುತು ಸಿಗುತ್ತದೆ: ಎರಡು ಪಕ್ಕದಲ್ಲಿ ಕಸೂತಿಯ ಕಂಬ, ನಡುವೆ ಬೇರೆ ಬಟ್ಟೆಯ ಒಂದು ಹಾಳೆ, ಮೇಲ್ಗಡೆ ದಾನಿಗಳ ಶಾಸನ. ಹೊಸವರ್ಷದ ರೋಶ್ ಹಶಾನಾ, ಉಪವಾಸದ ಯೋಮ್ ಕಿಪ್ಪುರ್‌ಗಳಿಗೆ ಬಿಳಿಯ ಪರದೆ. ಶಾಸನದಲ್ಲಿ ಗಂಡನ ಹೆಸರು, ಹೆಂಡತಿಯ ಹೆಸರು, ವರ್ಷ, ಕೆಲವು ಕಡೆ ಊರು. ನಮ್ಮ ದೇವಸ್ಥಾನದ ಗಂಟೆಯ ಮೇಲೆ ಸೇವಾಕರ್ತರ ಹೆಸರು ಕೊರೆಸುವ ಹಾಗೆಯೇ ಇದು. ಹೀಬ್ರೂ ಓದಲು ಬಾರದಿದ್ದರೂ ಅಡ್ಡಿಯಿಲ್ಲ, ಆ ಸಾಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಹೆಸರು, ಊರು, ತೇದಿ. ಹಬ್ಬದ ಬಟ್ಟೆಯ ಮೇಲಿನ ಈ ಮೂರೇ ಪಿಂಕಾಸ್ ಗೋಡೆಯ ಮೇಲೂ ಇರುವುದು.

ಪಿಂಕಾಸ್‌ಗೆ ಈಗ ಬರೋಣ. ಆರೊನ್ ಮೆಶುಲ್ಲಾಮ್ ಹೊರೊವಿಟ್ಸ್ 1535ರಲ್ಲಿ ತನ್ನ ಮನೆತನದ ಪ್ರಾರ್ಥನೆಗೆಂದು ಕಟ್ಟಿಸಿದ್ದು. ಗಾಥಿಕ್ ಕಮಾನಿನ ಚಾವಣಿಗೆ ರಿನೈಸಾನ್ಸ್ ಒಪ್ಪ. ಹೆಂಗಸರ ಗ್ಯಾಲರಿ, ಮುಂಗೋಣೆ 17ನೇ ಶತಮಾನದ ಆರಂಭದ ಸೇರ್ಪಡೆ. ನಡುವೆ 18ನೇ ಶತಮಾನದ ಕಬ್ಬಿಣದ ಜಾಲರಿಯ ಓದುಪೀಠ ಹಾಗೇ ಇದೆ. ರಸ್ತೆಗಿಂತ ಕಟ್ಟಡ ತಗ್ಗಿನಲ್ಲಿರುವುದು ಅಂಗಳಕ್ಕೆ ಇಳಿಯುವಾಗಲೇ ಗೊತ್ತಾಗುತ್ತದೆ. ಈ ತಗ್ಗೇ ಮುಂದಿನ ತೊಂದರೆಗೆಲ್ಲ ಮೂಲ.

1954ರಿಂದ 1959ರವರೆಗೆ ಚಿತ್ರಕಾರರಾದ ವಾಸ್ಲಾವ್ ಬೋಷ್ಟೀಕ್ ಮತ್ತು ಯಿರ್ಝಿ ಯೋನ್ ಸೇರಿ ಬೊಹೀಮಿಯಾ-ಮೊರಾವಿಯಾದಿಂದ ಸಾಗಿಸಿ ಕೊಂದ ಯಹೂದಿಗಳ ಹೆಸರುಗಳನ್ನು ಇಲ್ಲಿನ ಗೋಡೆಗಳ ಮೇಲೆ ಕೈಯಿಂದ ಬರೆದರು. ಹೆಚ್ಚುಕಡಿಮೆ 78,000 ಹೆಸರು. ಚಿತ್ರವಿಲ್ಲ, ಮುಖವಿಲ್ಲ, ಮುಳ್ಳುತಂತಿಯಿಲ್ಲ, ಅಕ್ಷರ ಮಾತ್ರ. ಊರಿನ ಹೆಸರು ಹಳದಿ, ಮನೆತನದ ಹೆಸರು ಕೆಂಪು, ವ್ಯಕ್ತಿಯ ಹೆಸರು ಮತ್ತು ತೇದಿಗಳು ಕಪ್ಪು. ನಡುನಡುವೆ ಸಣ್ಣ ನಕ್ಷತ್ರ. ದೂರದಿಂದ ಗೋಡೆಯೆಲ್ಲ ಕೆಂಪೆಳೆ ಸೇರಿಸಿ ನೇಯ್ದ ಒಂದೇ ಹರವು. ಹತ್ತಿರ ಹೋದಾಗಲೇ ಅದು ಒಡೆದು ಒಬ್ಬೊಬ್ಬರಾಗುವುದು. ಸ್ಮಾರಕ ಕಲೆಯಲ್ಲಿ ಇಷ್ಟು ಕಡಿಮೆ ಸಾಧನದಿಂದ ಇಷ್ಟು ಕೆಲಸ ತೆಗೆದದ್ದು ಅಪರೂಪ.

ಓದುವುದಕ್ಕೂ ಒಂದು ಕ್ರಮ ಇಟ್ಟುಕೊಳ್ಳಿ. ಇಡೀ ಗೋಡೆ ನೋಡಲು ಹೋಗಬೇಡಿ, ಸಾಧ್ಯವೂ ಇಲ್ಲ. ಮೇಲಿನ ಸಾಲುಗಳು ಕಣ್ಣಿಗೆ ನಿಲುಕುವುದಿಲ್ಲ. ಕಣ್ಣಿನ ಮಟ್ಟದಲ್ಲಿರುವ ಒಂದು ಹಳದಿ ಹೆಸರು, ಅಂದರೆ ಒಂದು ಊರು, ಹುಡುಕಿ ಅದರ ಕೆಳಗಿನ ಒಂದು ಕೆಂಪು ಹೆಸರಿಗೆ ಬನ್ನಿ. ಮೊದಲ ತೇದಿ ಹುಟ್ಟಿದ್ದು. ಎರಡನೆಯದು ಸತ್ತದ್ದೆಂದು ಹಲವರು ತಿಳಿಯುತ್ತಾರೆ, ಎಷ್ಟೋ ಜನರ ವಿಷಯದಲ್ಲಿ ಅದು ಹಾಗಲ್ಲ. ಸತ್ತ ದಿನ ಯಾರಿಗೂ ತಿಳಿಯದಿದ್ದರೆ ಪೂರ್ವದ ಶಿಬಿರಗಳಿಗೆ ಹೊರಟ ರೈಲಿನ ದಿನವನ್ನೇ ಕೊನೆಯ ಸುದ್ದಿಯೆಂದು ಬರೆದಿದ್ದಾರೆ. ಹೀಗಾಗಿ ಬೇರೆ ಬೇರೆ ಮನೆತನಗಳ ಎದುರು ಒಂದೇ ತೇದಿ ಮತ್ತೆ ಮತ್ತೆ ಬಂದರೆ ಅದು ಒಂದು ರೈಲು. ಜೆಕ್ ಬರವಣಿಗೆಯಲ್ಲಿ ದಿನ ಮೊದಲು, ತಿಂಗಳಿಗೆ ರೋಮನ್ ಅಂಕಿ ಹಾಕುವ ರೂಢಿಯೂ ಉಂಟು. ಇಷ್ಟು ತಿಳಿದಿದ್ದರೆ ಭಾಷೆ ಬಾರದವರಿಗೂ ಓದು ಸಲೀಸು. ಒಂದು ಮನೆತನದ ಹುಟ್ಟಿದ ವರ್ಷಗಳನ್ನು ಜೋಡಿಸಿದರೆ ಅಜ್ಜ, ಅಪ್ಪ, ಮಗು ಯಾರೆಂದು ತಾನಾಗಿ ತಿಳಿಯುತ್ತದೆ. ಟೊರಾ ಪೀಠದ ಎರಡು ಪಕ್ಕದಲ್ಲಿ ಇರುವುದು ಜನರ ಹೆಸರಲ್ಲ, ಗೆಟ್ಟೊ (ಯಹೂದಿಗಳನ್ನು ಕೂಡಿಹಾಕಿದ ಕೇರಿ) ಮತ್ತು ಶಿಬಿರಗಳ ಹೆಸರು. ಹಬ್ಬದ ಪರದೆ ಇಳಿಬಿಡುತ್ತಿದ್ದ ಜಾಗದ ಅಕ್ಕಪಕ್ಕ ಅವನ್ನು ಇಟ್ಟದ್ದು ಕಲಾವಿದರ ಅತಿ ಕಠಿಣ ಆಯ್ಕೆ ಎನ್ನಬೇಕು. ಕ್ಲೌಸೆನ್ ನೋಡಿ ಬಂದವರಿಗೆ ಅದರ ಏಟು ಗೊತ್ತಾಗುತ್ತದೆ. ಒಳಗೆ ಹೆಸರುಗಳನ್ನು ಓದುವ ಧ್ವನಿಮುದ್ರಣ, ನಡುವೆ ಕೀರ್ತನೆಯ ಹಾಡು ಕೇಳುತ್ತಿರುತ್ತದೆ. ಗುಂಪಿನ ಗದ್ದಲದಲ್ಲಿ ಅದು ಮುಚ್ಚಿಹೋಗುವುದೇ ಹೆಚ್ಚು.

ಈಗ ಕಾಣುವ ಬರಹ ಎರಡನೆಯ ಸಲದ್ದು. ವಲ್ಟಾವಾ ನದಿ ಹತ್ತಿರ, ಕಟ್ಟಡ ತಗ್ಗಿನಲ್ಲಿ. ನೆಲದ ನೀರು ಗೋಡೆಯೊಳಗೆ ಏರಿದಾಗ ಅದರೊಂದಿಗೆ ಲವಣವೂ ಏರುತ್ತದೆ. ಮೇಲ್ಮೈಗೆ ಬಂದು ಒಣಗಿದಾಗ ಹರಳುಗಟ್ಟಿ ಗಾರೆಯನ್ನೇ ಹೊರಕ್ಕೆ ತಳ್ಳುತ್ತದೆ, ಬಣ್ಣ ಉದುರುತ್ತದೆ. 1968ರಲ್ಲಿ ಈ ಕಾರಣಕ್ಕೆ ಸಿನಗಾಗ್ ಮುಚ್ಚಿತು. ನೆಲ ಅಗೆದಾಗ ಹಳೆಯ ಬಾವಿ, ಸ್ನಾನದ ಕೊಳ ಸಿಕ್ಕವು. ನೀರಿನ ನೆಪ ನಿಜವೇ, ಆದರೆ ಎರಡು ದಶಕ ಮುಚ್ಚಿಟ್ಟದ್ದು, ಹೆಸರುಗಳು ಗೋಡೆಯಿಂದ ಮಾಯವಾದದ್ದು ನೀರಿನ ಕೆಲಸವಲ್ಲ, ಕಮ್ಯುನಿಸ್ಟ್ ಸರ್ಕಾರಕ್ಕೆ ಈ ಸ್ಮಾರಕ ಬೇಡವಾಗಿತ್ತು. 1989ರಲ್ಲಿ ಆ ಆಡಳಿತ ಬಿದ್ದ ನಂತರ, 1992ರಿಂದ 1996ರೊಳಗೆ ಎಲ್ಲ ಹೆಸರುಗಳನ್ನೂ ಮತ್ತೆ ಬರೆದರು. 2002ರ ಆಗಸ್ಟ್ ಪ್ರವಾಹದಲ್ಲಿ ಗೋಡೆಗೆ ಮತ್ತೆ ಪೆಟ್ಟು ಬಿದ್ದು, ಮತ್ತೆ ದುರಸ್ತಿಯಾಯಿತು. ಗೋಡೆ ಮುಟ್ಟಬೇಡಿ ಎಂದು ಕಾವಲಿನವರು ಗದರಿದರೆ ಬೇಸರ ಮಾಡಿಕೊಳ್ಳಬೇಡಿ. ಬೆನ್ನಿನ ಚೀಲವನ್ನು ಮುಂದಕ್ಕೆ ಹಾಕಿಕೊಳ್ಳಿ, ಇಕ್ಕಟ್ಟಿನಲ್ಲಿ ತಿರುಗುವಾಗ ಗಾರೆಗೆ ತಾಗುವುದು ಅದೇ.

ಮಹಡಿ ಮೇಲೆ ಪ್ರಾಗ್‌ಗೆ ಹತ್ತಿರದ ಟೆರೆಜೀನ್ ಗೆಟ್ಟೊದ ಮಕ್ಕಳ ಚಿತ್ರಗಳು. ಅಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದ ಫ್ರೀಡ್ಲ್ ಡಿಕರ್-ಬ್ರಾಂಡೈಸ್ 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, ಜರ್ಮನಿಯ ಹೆಸರಾಂತ ಕಲಾಶಾಲೆ ಬೌಹೌಸ್‌ನಲ್ಲಿ ಯೋಹಾನೆಸ್ ಇಟ್ಟೆನ್ ಕೈಕೆಳಗೆ ಕಲಿತವರು. 1942ರ ಡಿಸೆಂಬರ್‌ನಲ್ಲಿ ಟೆರೆಜೀನ್‌ಗೆ ಬಂದರು. 1944ರ ಅಕ್ಟೋಬರ್‌ನಲ್ಲಿ ಆಶ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಹೊರಡುವ ಮೊದಲು ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವು ಪ್ರಾಗ್‌ನ ಯಹೂದಿ ಸಮುದಾಯಕ್ಕೆ ತಲುಪಿದವು.

ಇವನ್ನು ‘ಪಾಪ, ಮಕ್ಕಳ ಚಿತ್ರ’ ಎಂದು ನೋಡಿ ಮುಂದೆ ಹೋಗುವುದು ದೊಡ್ಡ ನಷ್ಟ. ಇವುಗಳ ಹಿಂದೆ ಪಾಠವಿದೆ. ತಾಳಕ್ಕೆ ತಕ್ಕಂತೆ ಗೆರೆ ಎಳೆಯುವ ಅಭ್ಯಾಸ, ಹರಿದ ಕಾಗದದ ಕೊಲಾಜ್, ಬಣ್ಣಗಳ ವೈದೃಶ್ಯ, ಹಳೆಯ ಗುರುಗಳ ಚಿತ್ರಗಳ ರಚನೆಯನ್ನು ಬಿಡಿಸಿ ನೋಡುವುದು, ಇದೆಲ್ಲ ಬೌಹೌಸ್ ತರಗತಿಯ ಕ್ರಮ. ಕಾಗದಕ್ಕೆ ಬರವಿದ್ದುದರಿಂದ ಕಚೇರಿಯ ಹಳೆಯ ಫಾರಂಗಳ ಹಿಂಬದಿಯೂ ಬಳಕೆಯಾಯಿತು. ಪ್ರತಿ ಚಿತ್ರಕ್ಕೂ ಮಕ್ಕಳು ತಮ್ಮ ಹೆಸರು ಬರೆಯಬೇಕೆಂದು ಫ್ರೀಡ್ಲ್ ಹಟ ಹಿಡಿಯುತ್ತಿದ್ದರು. ಸಾಗಣೆಯಲ್ಲಿ ಸಂಖ್ಯೆಯಾಗಿದ್ದ ಮಕ್ಕಳು ಇಲ್ಲಿ ಸಹಿ ಹಾಕಿದ್ದಾರೆ. ಸಹಿ ಎಲ್ಲಿದೆ ನೋಡಿ: ಮೂಲೆಯಲ್ಲಿ, ಕೆಲವು ಸಲ ಚಿತ್ರದಷ್ಟೇ ದೊಡ್ಡದಾಗಿ. ವಿಷಯಗಳಲ್ಲಿ ಮನೆ, ಹೂಕುಂಡ, ಮೂರಂತಸ್ತಿನ ಮಂಚ, ಸಾಲಿನಲ್ಲಿ ನಿಂತ ಜನ. ಹಬ್ಬವೂ ಇದೆ. ಪೆಸಾಖ್ ರಾತ್ರಿಯ ಮೇಜಿನ ಸುತ್ತ ಕೂತ ಮನೆಮಂದಿಯನ್ನು ಬರೆದಾಗ ಮಗುವಿನ ಮುಂದೆ ಆ ಮೇಜು ಇರಲಿಲ್ಲ, ನೆನಪಿನಿಂದ ಬರೆದದ್ದು. ಈ ಮಹಡಿಯ ಬಗ್ಗೆ ಒಂದು ದೂರು ಇದೆ. ಜಾಗ ಇಕ್ಕಟ್ಟು, ಚಿತ್ರಗಳನ್ನು ಒತ್ತೊತ್ತಾಗಿ ಜೋಡಿಸಲಾಗಿದೆ. ಒಂದು ಗುಂಪು ನುಗ್ಗಿದರೆ ನಿಲ್ಲಲು ಸ್ಥಳವಿರುವುದಿಲ್ಲ. ಇನ್ನೂ ಕಡಿಮೆ ಚಿತ್ರ, ಇನ್ನೂ ಹೆಚ್ಚು ಜಾಗ ಕೊಟ್ಟಿದ್ದರೆ ಚೆನ್ನಾಗಿತ್ತು.

ಮೈಸೆಲ್ 10ರಿಂದ 18ನೇ ಶತಮಾನದ ಚರಿತ್ರೆಗೆ ಮೀಸಲು, ಅರ್ಧ ಗಂಟೆ ಸಾಕು. ಸ್ಪ್ಯಾನಿಷ್ ಸಿನಗಾಗ್ 1868ರದ್ದು. ಮೂರಿಷ್ ಶೈಲಿಯ ಬಂಗಾರದ ಜಾಲರಿ ಕೆಲಸ ನೆಲದಿಂದ ಗುಮ್ಮಟದವರೆಗೆ. ಚಾವಣಿ ನೋಡಲು ನಡುವೆ ಕೂತುಬಿಡಿ. ಸಂಜೆಯ ಸಂಗೀತ ಕಛೇರಿಗಳಿಗೆ ಬೇರೆ ಟಿಕೆಟ್, ಮ್ಯೂಸಿಯಂ ಟಿಕೆಟ್ ನಡೆಯುವುದಿಲ್ಲ. ಸ್ಮಶಾನದಲ್ಲಿ ಸುಮಾರು 12,000 ಕಲ್ಲುಗಳು, ಅತಿ ಹಳೆಯದು 1439ರದ್ದು, ಕೊನೆಯ ಸಮಾಧಿ 1787ರದ್ದು. ಜಾಗ ಸಾಲದೆ ಮಣ್ಣು ಹೇರಿ ಒಂದರ ಮೇಲೊಂದು ಹೂಳಿದ್ದರಿಂದ ಹಳೆಯ ಕಲ್ಲುಗಳು ಹೀಗೆ ಗುಂಪುಗೂಡಿ ವಾಲಿವೆ.

ಯಾವಾಗ ಹೋಗಬೇಕು ಎಂಬುದರಲ್ಲೇ ಹೆಚ್ಚು ಜನ ಎಡವುವುದು. ಮ್ಯೂನಿಕ್, ಬರ್ಲಿನ್, ವಿಯೆನ್ನಾದಲ್ಲಿ ಕೆಲಸ ಮಾಡುವ ಕನ್ನಡಿಗರು ಶುಕ್ರವಾರ ರಾತ್ರಿ ಬಸ್ಸಿಳಿದು ಶನಿವಾರ ಬೆಳಿಗ್ಗೆ ಯೋಸೆಫೊವ್‌ಗೆ ಬಂದರೆ ಬಾಗಿಲು ಮುಚ್ಚಿರುತ್ತದೆ. ಶನಿವಾರ ಸಬ್ಬತ್. ಯಹೂದಿ ಹಬ್ಬಗಳಂದೂ ರಜೆ. ದಸರಾ ರಜೆ ಸೇರಿಸಿ ಯುರೋಪ್ ಪ್ರವಾಸ ಹೊರಡುವವರು ವಿಶೇಷ ಎಚ್ಚರ ವಹಿಸಿ. ರೋಶ್ ಹಶಾನಾವೂ ನವರಾತ್ರಿಯ ಹಾಗೆ ಅಮಾವಾಸ್ಯೆಯನ್ನೇ ಹಿಡಿದು ಬರುವುದರಿಂದ 2024, 2025ರಲ್ಲಿ ಎರಡೂ ಒಂದೇ ವಾರದಲ್ಲಿ ಬಿದ್ದವು. ಅದರ ಬೆನ್ನಿಗೇ ಯೋಮ್ ಕಿಪ್ಪುರ್, ಸುಕ್ಕೋತ್, ಸಿಮ್ಖತ್ ತೋರಾ. ಆ ಮೂರೂವರೆ ವಾರದಲ್ಲಿ ಮುಚ್ಚಿದ ದಿನಗಳು ಹಲವು. ಉಳಿದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಚಳಿಗಾಲದಲ್ಲಿ ಸಂಜೆ ಬೇಗ ಮುಚ್ಚುತ್ತದೆ. ಪ್ರವಾಸಿ ಬಸ್ಸಿನ ಗುಂಪುಗಳು ಮುಂಜಾನೆ ಹತ್ತರ ನಂತರ ಪಿಂಕಾಸ್ ತುಂಬಿಕೊಳ್ಳುತ್ತವೆ, ಸಂಜೆಯ ಕಡೆ ಸಡಿಲ. ತಲೆಕೆಳಗಾದ ಕ್ರಮಕ್ಕೆ ಇದೂ ಅನುಕೂಲ. ಮೆಟ್ರೊದ ಎ ಮಾರ್ಗದಲ್ಲಿ ಸ್ಟಾರೊಮೆಸ್ಟ್‌ಸ್ಕಾ ನಿಲ್ದಾಣದಲ್ಲಿ ಇಳಿಯಿರಿ. ಗಂಡಸರು ಸಿನಗಾಗ್ ಮತ್ತು ಸ್ಮಶಾನದಲ್ಲಿ ತಲೆ ಮುಚ್ಚಿಕೊಳ್ಳಬೇಕು, ಟೊಪ್ಪಿ ಇದ್ದರೆ ತನ್ನಿ.

ಸಣ್ಣ ಮಕ್ಕಳಿದ್ದರೆ ಕ್ಲೌಸೆನ್‌ನ ದೀಪ, ಗೆಜ್ಜೆಗಳಿಗೆ ಸಮಯ ಕೊಡಿ. ಪಿಂಕಾಸ್‌ನ ಮಹಡಿಗೆ ಕರೆದೊಯ್ಯುವ ಮೊದಲು ನಾಲ್ಕು ಮಾತು ಹೊರಗೇ ಹೇಳಿಬಿಡಿ, ಒಳಗೆ ಪಿಸುಗುಟ್ಟಿ ವಿವರಿಸಲು ಆಗುವುದಿಲ್ಲ.

ವಾರಾಂತ್ಯ ಮಾತ್ರ ಸಿಗುವವರಿಗೆ ಒಂದು ಉಪಾಯವಿದೆ. ಶನಿವಾರ ಟೆರೆಜೀನ್, ಭಾನುವಾರ ಯೋಸೆಫೊವ್. ಪ್ರಾಗ್‌ನ ಹೊಲೆಷೊವಿತ್ಸೆ ನಿಲ್ದಾಣದಿಂದ ಟೆರೆಜೀನ್‌ಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿನ ಗೆಟ್ಟೊ ಮ್ಯೂಸಿಯಂ ಶನಿವಾರವೂ ತೆರೆದಿರುತ್ತದೆ, ದಹನಗೃಹ ಮಾತ್ರ ಶನಿವಾರ ಮುಚ್ಚಿರುತ್ತದೆ. ಡ್ಲೌಹಾ ಬೀದಿಯ ಮನೆಯೊಂದರ ಹಿತ್ತಲಲ್ಲಿ ಕೈದಿಗಳು ಗುಟ್ಟಾಗಿ ಪ್ರಾರ್ಥಿಸುತ್ತಿದ್ದ ಪುಟ್ಟ ಕೋಣೆಯನ್ನು ತಪ್ಪಿಸಬೇಡಿ. ಗೋಡೆ, ಚಾವಣಿಯ ಮೇಲೆ ನಕ್ಷತ್ರ, ದೀಪ, ಹೀಬ್ರೂ ಸಾಲುಗಳನ್ನು ಬರೆದವರು 1942ರಲ್ಲಿ ಜರ್ಮನಿಯಿಂದ ಅಲ್ಲಿಗೆ ಸಾಗಿಸಲ್ಪಟ್ಟ ಆರ್ಟುರ್ ಬರ್ಲಿಂಗರ್. ದೇವರೇ, ಇಷ್ಟಾದರೂ ನಿನ್ನ ಹೆಸರನ್ನು ನಾವು ಮರೆತಿಲ್ಲ, ನೀನೂ ನಮ್ಮನ್ನು ಮರೆಯಬೇಡ ಎಂಬ ಅರ್ಥದ ಸಾಲು ಅದರಲ್ಲೊಂದು. 2002ರ ಪ್ರವಾಹ ಇಲ್ಲಿಗೂ ನುಗ್ಗಿತ್ತು, ಕೆಳಭಾಗದ ಬಣ್ಣ ಸವೆದಿದೆ. ಮ್ಯೂಸಿಯಂ ಕೌಂಟರಿನಲ್ಲಿ ನಕ್ಷೆ ಕೇಳಿ ಪಡೆಯಿರಿ, ಬೀದಿಯಿಂದ ನೋಡಿದರೆ ಸಾಮಾನ್ಯ ಮನೆಯಂತೆ ಕಾಣುವುದರಿಂದ ದಾಟಿಹೋಗುವ ಸಂಭವ ಹೆಚ್ಚು. ವಾರಾಂತ್ಯದಲ್ಲಿ ಮರಳುವ ಬಸ್ಸುಗಳು ವಿರಳ. ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿದಾಗಲೇ ನಿಲ್ದಾಣದ ಹಲಗೆಯಲ್ಲಿ ನೋಡಿಟ್ಟುಕೊಳ್ಳಿ.